ಎಡಗಾಲಲ್ಲಿ ಒದ್ದ ತಿಗರಿ

ಮಡಕೆ ಮಾಡುವುದನ್ನು ಕಲಿಸುವ ಆ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಬೇಕರಿ ಅಕ್ಕ ಎನ್ನುತ್ತಿದ್ದರು. ಆಯಸ್ಸೆಲ್ಲ ಬೇಕರಿಯಲ್ಲಿ ಹಿಟ್ಟು ನಾದಿ, ಕೆಲಸ ಬಿಟ್ಟ ಮೇಲೆ ತಂಗಿಯನ್ನೂ ಎಳೆದುಕೊಂಡು ಕಲಿಯಲು ಬಂದವಳು. ಮಣ್ಣು ನಾದುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಒಂದು ಗಾಳಿಗುಳ್ಳೆಯೂ ಉಳಿಯುತ್ತಿರಲಿಲ್ಲ. ಆದರೆ ತಿರುಗುವ ತಿಗರಿಯ ಮುಂದೆ ಕೂತಳೋ, ಮುಗಿಯಿತು ಕಥೆ! ಮಣ್ಣಿನ ಮುದ್ದೆ ತಿಗರಿಯ ನಡುವಿಗೆ ಬರುವುದೇ ಇಲ್ಲ. ಒಂದು ಸಲವಂತೂ ಹಾರಿ ತಂಗಿಯ ಮಡಿಲಿಗೇ ಬಿತ್ತು.

"ಮೊಣಕೈನ ತೊಡೆಗೆ ಊರಿ ಅಕ್ಕ," ಎನ್ನುತ್ತಿದ್ದರು ಮೇಷ್ಟ್ರು. "ನೀರು ಕಮ್ಮಿ ಮಾಡಿ, ಅದಕ್ಕೇನು ಸ್ನಾನ ಮಾಡಿಸ್ತಿದ್ದೀರಾ? ಕೈ ತೆಗೆಯೋವಾಗ ಗಡಿಬಿಡಿ ಬೇಡ. ನಡುವಿಗೆ ಬರೋವರೆಗೂ ಮುದ್ದೆಯ ಬಾಯಿ ತೆರೆಯೋಕೆ ಹೋಗ್ಬೇಡಿ."

ಎಲ್ಲವನ್ನೂ ಅವಳು ಕೇಳಿದಳು. ಕೈ ಕೇಳಬೇಕಲ್ಲ! ಅವಳು ಹುಟ್ಟು ಎಡಚಿ. ಚಿಕ್ಕವಳಿದ್ದಾಗ ಅಪ್ಪ ಆ ಕೈಯನ್ನು ಸೊಂಟಕ್ಕೆ ಕಟ್ಟಿ ಊಟಕ್ಕೆ ಕೂರಿಸಿದ್ದುಂಟು. ಬರೆಯಲು, ಕೊಡಲು, ತೆಗೆದುಕೊಳ್ಳಲು ಬಲಗೈ. ಎಡಗೈ ಸೆರಗಿನೊಳಗೆ. ಹಿಟ್ಟಿನ ತೊಟ್ಟಿಯಲ್ಲಿ ಮಾತ್ರ ಯಾವ ಕೈ ಎಂದು ಯಾರೂ ನೋಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ರೇಗಿಹೋಗಿ ಅವಳು, ಎಲ್ಲರೂ ಬಲಗಾಲಲ್ಲಿ ಒದ್ದು ತಿರುಗಿಸುವ ತಿಗರಿಯ ಕೆಳಗಿನ ಗಾಲಿಯನ್ನು ಎಡಗಾಲಿನಿಂದ ಒದ್ದಳು. ತಿಗರಿ ಎಲ್ಲರದಕ್ಕಿಂತ ಉಲ್ಟಾ ತಿರುಗಿತು. ಎಡ ಅಂಗೈ ಒತ್ತಿದ್ದೇ ತಡ, ಮುದ್ದೆ ಅಲುಗದೆ ನಿಂತಿತು. ಖುಷಿಗೆ ಅವಳಿಗೆ ಅಳುವೇ ಬಂತು.

"ಏನಿದು? ಇಷ್ಟು ವರ್ಷದಲ್ಲಿ ಯಾರೂ ಹಿಂಗೆ ತಿರುಗಿಸಿಲ್ಲ. ಕೈ ಬದಲಾಯಿಸ್ಕೊಳ್ಳಿ," ಎಂದರು ಮೇಷ್ಟ್ರು.

"ಗಿಡವಾಗಿದ್ದಾಗಲೇ ಬಗ್ಗಿಲ್ಲ ಮೇಷ್ಟ್ರೇ, ಈಗ ಮರ ಬಗ್ಗುತ್ತಾ?"

ಹಾಗೆಯೇ ಉಲ್ಟಾ ತಿರುಗಿಸಿ, ಎಷ್ಟೋ ಕೆಡಿಸಿ, ಕೊನೆಗೊಂದು ಬಟ್ಟಲು ಎಬ್ಬಿಸಿದಳು. ಆದರೆ ಮೇಷ್ಟ್ರು ಒಪ್ಪಿದ್ದನ್ನಷ್ಟೇ ಆವಿಗೆಯಲ್ಲಿ ಸುಡುವುದು, ಒಪ್ಪದ್ದು ವಾಪಸ್ ಮಣ್ಣಿನ ತೊಟ್ಟಿಗೆ. ತನ್ನ ಕೈಯ ಒಂದು ಬಟ್ಟಲು ಸುಟ್ಟು ಗಟ್ಟಿಯಾಗಿ ನಿಲ್ಲಬೇಕು, ಅವಳಿಗಿದ್ದ ಆಸೆ ಅಷ್ಟೇ.

ಮೇಷ್ಟ್ರು ಒಳಗೆ ಇಣುಕಿದರು. ತಿಗರಿ ತಿರುಗಿದ್ದಕ್ಕೆ ತಕ್ಕಂತೆ ಬೆರಳಿನ ಗೆರೆಗಳೂ ಉಲ್ಟಾ ಸುತ್ತಿಕೊಂಡು ಮೇಲೆ ಹತ್ತಿದ್ದವು.

"ಬಟ್ಟಲು ಚೆನ್ನಾಗಿದೆ. ಈ ಗೆರೆ ಮಾತ್ರ ಬೇಡ. ನೋಡಿದವರು ಇಲ್ಲಿ ತಪ್ಪು ಕಲಿಸ್ತಾರೆ ಅಂದ್ಕೋತಾರೆ. ಸ್ಪಂಜಲ್ಲಿ ಒರೆಸಿಬಿಡಿ, ಸುಡ್ತೀನಿ."

"ಒರೆಸೇ ಅಕ್ಕ," ಎಂದಳು ತಂಗಿ. "ನಿನ್ನ ಗಂಟೇನು ಹೋಗುತ್ತೆ?"

ಬೇಕರಿ ಅಕ್ಕ ಸ್ಪಂಜು ತೆಗೆದುಕೊಂಡಳು. ಬಲಗೈಯಲ್ಲಿ! ಅದನ್ನು ನೋಡಿದ್ದೇ ಅವಳಿಗೆ ಮೈಯೆಲ್ಲ ಉರಿಯಿತು. ಅಪ್ಪ ಸತ್ತು ಎಷ್ಟು ಕಾಲವಾಯಿತು, ಇನ್ನೂ ಯಾರಿಗೆ ಹೆದರುವುದು? ಸ್ಪಂಜನ್ನು ಬಕೆಟ್ಟಿಗೆ ಎಸೆದು, ಎಡಗೈ ಎತ್ತಿ ಬಟ್ಟಲ ಮೇಲೆ ಫಟ್ ಎಂದು ಹೊಡೆದಳು. ಬಟ್ಟಲು ಚಪ್ಪಟೆ!

"ಅಯ್ಯಯ್ಯೋ! ಏನೇ ಮಾಡ್ಬಿಟ್ಟೆ?" ತಂಗಿ ಕಿರುಚಿದಳು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಇದಕ್ಕೇ ಅನ್ನೋದು!"

"ಕುಂಬಾರ್ತೀನೂ ನಾನೇ, ದೊಣ್ಣೆನೂ ನಂದೇ. ನಿಂಗೇನೇ ಕಷ್ಟ?"

ಹೊಸ ಮುದ್ದೆಯನ್ನು ತಿಗರಿಗೆ ಬಡಿದು ಎಡಗಾಲಲ್ಲಿ ಒದ್ದಳು. ಶೆಡ್ಡಿನವರೆಲ್ಲ ತಮ್ಮ ಕೆಲಸ ಬಿಟ್ಟು ನಿಂತರು. ಮುದ್ದೆ ನಡುವಿಗೆ ಬಂತು, ಬಾಯಿ ತೆರೆಯಿತು, ಗೋಡೆ ಎದ್ದಿತು. ಈ ಸಲ ಬೇಕೆಂದೇ ಗೋಡೆಯನ್ನು ದಪ್ಪ ಬಿಟ್ಟು, ಒಳಗೆ ತಳದಿಂದ ಅಂಚಿನವರೆಗೆ ಎಡಗೈ ಬೆರಳನ್ನು ಆಳವಾಗಿ ಊರಿ ಉಲ್ಟಾ ಸುತ್ತಿ ಹತ್ತುವ ಒಂದೇ ಗೆರೆ ಎಳೆದಳು.

ಮೇಷ್ಟ್ರು ಬಗ್ಗಿ ಗೆರೆಯ ಆಳ ನೋಡಿದರು.

"ಇದನ್ನ ಒರೆಸೋಕೆ ಹೋದ್ರೆ ಗೋಡೆನೇ ಕುಸಿಯುತ್ತೆ."

"ಗೊತ್ತು. ಅದಕ್ಕೇ ಹಂಗೆ ಎಳೆದಿದ್ದು."

ಅವರು ನಿಟ್ಟುಸಿರು ಬಿಟ್ಟು ಹಲಗೆ ಸಮೇತ ಬಟ್ಟಲನ್ನು ಎತ್ತಿಕೊಂಡರು. "ಆಯ್ತು ತಾಯಿ, ಸುಡ್ತೀನಿ. ಸುಟ್ಟ ಮೇಲೆ ಎಲ್ಲಿಡ್ಲಿ? ಒಳಗಿನ ಕಪಾಟಲ್ಲಾ?"

"ಕಿಟಕೀಲಿ," ಎಂದಳು ಬೇಕರಿ ಅಕ್ಕ. "ಬೀದಿ ಕಡೆ ವಾಲಿಸಿ ಇಡಿ. ಒಳಗಿನ ಗೆರೆ ಕಾಣ್ಬೇಕು."