ಬೀಗರೇ ಎಂದವರು

ಚಿತ್ರಮಂದಿರದ ಕತ್ತಲಲ್ಲಿ ಪಕ್ಕದಲ್ಲಿದ್ದ ಸಾವಕಾರರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಹಿಂದಿ ಸಿನಿಮಾ. ಪರದೆಯ ಮೇಲೆ ಲಾರಿ ಡ್ರೈವರ್ ನಾಯಕ ಗೂಂಡಾಗಳನ್ನು ಬಡಿದು ಬಂಗಲೆಯ ಹುಡುಗಿಯ ಕೈ ಹಿಡಿದಿದ್ದ; ಅವಳ ಮುದಿ ಅಪ್ಪ ಅಡ್ಡ ನಿಂತಿದ್ದ. "ದುಡಿಯೋ ಹುಡುಗಗ ಹೆಣ್ಣು ಕೊಡಾಕ ಆ ಮುದುಕಗ ಏನ್ ಧಾಡಿರಿ, ಬೀಗರ?" ಎಂದರು.

ತೊಂಬತ್ತರ ದಶಕದ ಮಾತು. ಪುಣೆಯ ಹಡಪಸರದಲ್ಲಿ ಅವರದು ದೊಡ್ಡ ಬಟ್ಟೆ ಅಂಗಡಿ. ನನ್ನದು, ಶಾಲೆ ಬಿಟ್ಟು ದುಡಿದು ಕಟ್ಟಿದ ವೆಲ್ಡಿಂಗ್ ಶೆಡ್ಡು. ಇಬ್ಬರೂ ಧಾರವಾಡ ಕಡೆಯವರು. ನಮ್ಮಲ್ಲಿ ಸಲುಗೆಯವರನ್ನು ಚೇಷ್ಟೆಗೆ ಬೀಗರೇ ಎನ್ನುವುದುಂಟು. ಅವರು ನನ್ನನ್ನು ಹಾಗೆಯೇ ಕರೆಯುತ್ತಿದ್ದರು. ನನ್ನ ತಮ್ಮನೂ ಅವರ ಮಗಳೂ ಪರಸ್ಪರ ಮೆಚ್ಚಿದ್ದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಇದೇ ಸರಿಯಾದ ಹೊತ್ತೆಂದು ಹೊರಗೆ ಬಂದ ಮೇಲೆ ಹೇಳಿದೆ: "ಖರೇನ ಬೀಗರಾಗೂಣ್ರಿ. ನನ್ನ ತಮ್ಮಗ ನಿಮ್ಮ ಮಗಳನ್ನ ಕೊಡ್ರಿ. ಇಬ್ಬರೂ ಒಪ್ಯಾರ."

ಅವರು ಒದ್ದೆ ಕರವಸ್ತ್ರವನ್ನು ನಿಧಾನವಾಗಿ ಮಡಚಿ ಕಿಸೆಗಿಟ್ಟರು. "ಬಾಜೂಕ ಕೂಡಿಸಿಕೊಂಡಿದ್ದ ತಪ್ಪಾತು ನೋಡು, ಮಿಸ್ತ್ರಿ" ಎಂದು ಸ್ಕೂಟರ್ ಹತ್ತಿ ಹೋದರು.

ಹುಡುಗಿಯನ್ನು ಬಾರಾಮತಿಯ ಶ್ರೀಮಂತರ ಮನೆಗೆ ಕೊಟ್ಟರು. ಮದುವೆಯ ಚಪ್ಪರದ ಕಬ್ಬಿಣದ ಕಂಬಗಳಿಗೆ ಬೆಸುಗೆ ಹಾಕಲು ನನಗೇ ಹೇಳಿಕಳಿಸಿದ್ದರು, ಹೋಗಲಿಲ್ಲ. ಈಗಲೂ ಯಾರಾದರೂ ನಗುತ್ತಾ ಬೀಗರೇ ಎಂದರೆ, ಹೆಸರು ಹಿಡಿದು ಕರೆಯಿರಿ ಎನ್ನುತ್ತೇನೆ.