ಗಟ್ಟಿ ರಬ್ಬರ್

ಶಿವಯೋಗಪ್ಪನ ಓಮ್ನಿಯಲ್ಲಿ ತುಂಬಿದ ಚೊಂಬು ಇಟ್ಟರೂ ತುಳುಕುವುದಿಲ್ಲ ಎಂದು ಹಗರಿಬೊಮ್ಮನಹಳ್ಳಿಯ ಬಾಡಿಗೆ ಗಾಡಿಯವರೇ ಆಡಿಕೊಳ್ಳುತ್ತಿದ್ದರು. ತೊಂಬತ್ತೊಂಬತ್ತರಲ್ಲಿ ಕೋಗಳಿ ಶಾಲೆಯ ಸುಕನ್ಯಾ ಟೀಚರ್ ದಿನದ ಓಡಾಟಕ್ಕೆ ಅವನನ್ನೇ ಗೊತ್ತುಮಾಡಿಕೊಂಡದ್ದೂ ಅದಕ್ಕೇ. ಎರಡು ಬಸಿರು ನಿಂತಿರಲಿಲ್ಲ. ಇದು ಮೂರನೆಯದು, ನಾಲ್ಕು ತಿಂಗಳು. ಬಸ್ಸು ಹತ್ತಕೂಡದೆಂದು ಅತ್ತೆ ನಾಗಲಿಂಗಮ್ಮ ಆಣೆ ಮಾಡಿಸಿಕೊಂಡಿದ್ದಳು.

ಅಷ್ಟರಲ್ಲಿ ಗಾಡಿಯ ಕುಲುಕು ತಡೆಯುವ ಮುಂದಿನ ಶಾಕ್‌ಅಬ್ಸಾರ್ಬರುಗಳ ತಲೆಯ ಮೇಲೆ ಕೂರುವ ಮೌಂಟಿಂಗ್ ರಬ್ಬರು ಹರಿದು, ಗುಂಡಿ ಗುಂಡಿಗೂ ಟಕ್ ಟಕ್ ಎನ್ನತೊಡಗಿತು. ವರ್ಷದಲ್ಲಿ ಇದು ಎರಡನೇ ಸಲ.

"ಹುಲುಗಣ್ಣಾ, ಈ ಸಲ ಗಟ್ಟಿವು ಹಾಕಪ. ಟೀಚರಮ್ಮನ ಹೆರಿಗಿ ಆಗೋತನಕ ಗಾಡಿ ನಿಲ್ಲಬಾರ್ದು" ಎಂದ ಶಿವಯೋಗಪ್ಪ.

ಮೆಕ್ಯಾನಿಕ್ ಹುಲುಗಣ್ಣ ಭಾರ ಹೇರುವವರು ಹಾಕಿಸುವ, ಉಗುರು ಊರಿದರೂ ಇಳಿಯದ ರಬ್ಬರು ತಂದು ಹಾಕಿದ. ಸದ್ದು ನಿಂತಿತು. ತಿರುವಿನಲ್ಲಿ ಗಾಡಿ ವಾಲುವುದೂ ನಿಂತಿತು. ಆದರೆ ಹಳೆಯ ರಬ್ಬರು ನುಂಗುತ್ತಿದ್ದ ಕಲ್ಲಿನ ಪೆಟ್ಟೆಲ್ಲ ಈಗ ನೆಟ್ಟಗೆ ಸೀಟಿಗೇ ಬಂತು. ಕನ್ನಡಿಯಲ್ಲಿ ನೋಡಿದರೆ ಸುಕನ್ಯಾ ಎರಡೂ ಕೈ ಹೊಟ್ಟೆಯಡಿ ಕೊಟ್ಟು ಕೂತಿದ್ದಳು. ಮೂರನೇ ದಿನ ಹಳ್ಳದ ಹತ್ತಿರ, "ನಿಲ್ಲಸ್ರಿ ಅಣ್ಣಾರ, ನಡಕಂತ ಬರ್ತೀನಿ" ಎಂದಳು. ಅವನು ಒಂದನೇ ಗೇರಿನಲ್ಲಿ ಅವಳ ಹಿಂದೆ ಹಿಂದೆ ಬಂದ.

ಸಂಜೆಯೇ ಗ್ಯಾರೇಜಿಗೆ ಹೋದ. "ಏನ್ ಹಾಕೀಯಲೇ? ಒರಳ ಮ್ಯಾಲೆ ಕುಂತಂಗಾಗತೈತಿ!"

"ನೀವ ಅಂದ್ರಲ್ರೀ, ಗಟ್ಟಿವು ಅಂತ!"

"ಗಟ್ಟಿ ಅಂದ್ರ ಬಾಳಿಕಿ ಬರಾವು ಅಂದೆನೋ."

"ಎರಡೂ ಒಂದರಾಗ ಸಿಗಾಂಗಿಲ್ರಿ ಕಾಕಾ. ಮೆತ್ತನವು ಆರು ತಿಂಗಳಿಗೆ ಹರೀತಾವ. ಗಟ್ಟಿವು ಕುಂತಾರನ್ನ ಕುಟ್ತಾವ."

"ಹರೀಲಿ ಬಿಡು. ಮೆತ್ತನವೇ ಹಾಕು."

ಮರುದಿನ ಟೀಚರ್ ಮನೆ ಮುಂದೆ ಹಾರ್ನ್ ಹೊಡೆದಾಗ ನಾಗಲಿಂಗಮ್ಮ ಹೊಸ್ತಿಲಿಗೆ ಬಂದಳು. "ನಸಿಕಿನ್ಯಾಗ ಹರಪನಹಳ್ಳಿ ದವಾಖಾನಿಗೆ ಒಯ್ದಾರಪ. ರಕ್ತ ಕಂಡಿತ್ತು."

ಅವನು ಹಾಗೆಯೇ ಗಾಡಿ ತಿರುಗಿಸಿ ಮನೆಗೆ ಬಂದ. ಹೆಂಡತಿ ಕೇಳಿದ್ದಕ್ಕೆ, ಇವತ್ತು ಬಾಡಿಗೆ ಇಲ್ಲ ಎಂದ. ಉಂಡು, ತಟ್ಟೆ ತೊಳೆದಿಟ್ಟ.

ಐದು ದಿನದ ಮೇಲೆ ಸೊಸೆಯನ್ನು ಕರೆತರಲು ನಾಗಲಿಂಗಮ್ಮನೇ ಹೇಳಿ ಕಳಿಸಿದಳು. ಸುಕನ್ಯಾ ಎಂದಿನ ಜಾಗದಲ್ಲೇ ಕೂತಳು. ಹರಪನಹಳ್ಳಿ ದಾಟಿದ ಮೇಲೆ, "ಗಾಡಿ ಬಡಿಯಾಕತ್ತಿಲ್ಲ" ಎಂದಳು.

"ಹೌದ್ರಿ. ಬದಲಿ ಮಾಡಿಸೀನಿ."

"ಹೋಗಿದ್ದು ಕುಲುಕಿದ್ದಕ್ಕ ಅಲ್ಲಂತ. ಡಾಕ್ಟ್ರು ಅಂದ್ರು." ಬಸ್ಸಿನ ಹೊತ್ತು ಹೇಳುವಂಥ ದನಿ.

ಶಿವಯೋಗಪ್ಪ ತಲೆಯಾಡಿಸಿದ. ಅವನಿಗೆ ಹಗುರವೂ ಆಗಲಿಲ್ಲ, ಭಾರವೂ ಆಗಲಿಲ್ಲ. ಎದುರಿಗೆ ಗುಂಡಿ ಬಂತು. ಬ್ರೇಕು ಒತ್ತಿ, ಒಂದೊಂದೇ ಗಾಲಿ ಇಳಿಸಿ ಹತ್ತಿಸಿದ.

"ಜೋರ ಹೊಡೀರಿ ಅಣ್ಣಾರ" ಎಂದಳು ಸುಕನ್ಯಾ, ಕಿಟಕಿಯಾಚೆ ನೋಡುತ್ತ. "ಈಗೇನೈತಿ."

ಅವನು ಗೇರು ಬದಲಿಸಿದ.