ಮಾಂಸ ತಿನ್ನದವರಿಗೆ ಮಾತ್ರ

ನಾಗಪುರದಲ್ಲಿ ಎಂ.ಎಸ್ಸಿ. ಸೇರಿದ ವರ್ಷ ನನಗೂ ಇಥಿಯೋಪಿಯಾದಿಂದ ಬಂದಿದ್ದ ಸಹಪಾಠಿ ಸಾರಾಳಿಗೂ ಸೇರಿ ಒಂದು ರೂಮು ಬೇಕಿತ್ತು. ಏಳು ಮನೆಯವರು ಅವಳ ಮುಖ ನೋಡುತ್ತಲೇ "ರೂಮ್ ಭರ್ ಗಯಾ", ರೂಮು ಖಾಲಿ ಇಲ್ಲ, ಎಂದಿದ್ದರು. ಎಂಟನೆಯ ವಿಳಾಸ ಎಸ್‌ಟಿಡಿ ಬೂತಿನ ಗೋಡೆಯ ಮೇಲೆ ಸಿಕ್ಕಿತು. ಹೋಗಿ ನೋಡಿದರೆ ಕನ್ನಡದವರ ಮನೆ! ಮನೆಯೊಡತಿ ಕಾಕೂ ಸಾರಾಳನ್ನು ಗೇಟಿನಲ್ಲೇ ನಿಲ್ಲಿಸಿ, ನನ್ನನ್ನು ನೇರ ಅಡಿಗೆಮನೆಗೆ ಕರೆದು ಚಹಾ ಕೊಟ್ಟರು.

"ನೀ ನಮ್ಮಾಕಿ, ನಾಳೆನ ಬಾ. ಆಕಿ ಬ್ಯಾಡ. ಮಾಂಸ ತಿನ್ನೋರಿಗೆ ನಾವು ರೂಮು ಕೊಡಂಗಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು.

"ಆಕಿ ಚರ್ಚಿನ ಉಪವಾಸದಾಗ ಅದಾಳ್ರಿ ಕಾಕೂ. ಒಂದು ವಾರ ಆತು, ಮಾಂಸ ದೂರ ಉಳೀತು, ಮೊಸರು ಸುದ್ದಾ ಮುಟ್ಟಿಲ್ಲ. ರವಿವಾರ ತಪ್ಪದ ಮಟನ್ ತಿನ್ನಾಕಿ ನಾನು."

ಕಾಕೂ ನನ್ನ ಕೈಯಲ್ಲಿದ್ದ ಕಪ್ಪನ್ನೇ ನೋಡುತ್ತ ನಿಂತರು. ನಾನು ಕೊನೆಯ ಗುಟುಕಿನವರೆಗೂ ನಿಧಾನವಾಗಿ ಕುಡಿದು, ಕಪ್ಪನ್ನು ಅವರ ಒಲೆಯ ಪಕ್ಕದಲ್ಲೇ ಇಟ್ಟು, "ಚಹಾ ಚಲೋ ಆಗಿತ್ರಿ" ಎಂದು ಹೊರಬಂದೆ.

ಕೊನೆಗೆ ನಮಗೆ ರೂಮು ಕೊಟ್ಟವನು ಮಟನ್ ಅಂಗಡಿಯವನು, ಅದೂ ಅಂಗಡಿಯ ಮೇಲೆಯೇ. ಇಡೀ ಊರಿನಲ್ಲಿ ನಾವು ಏನು ತಿನ್ನುತ್ತೇವೆಂದು ತಲೆಕೆಡಿಸಿಕೊಳ್ಳದವನು ಅವನೊಬ್ಬನೇ.